ರಾಜತಾಂತ್ರಿಕತೆ ಓದಲು ಫೆಲೋಶಿಪ್: ಕಾಸರಗೋಡಿನವರು ಅರ್ಜಿ ಬರೆಯುವ ಬಗೆ

ಅಂತಾರಾಷ್ಟ್ರೀಯ ಸಂಬಂಧ, ರಾಜತಾಂತ್ರಿಕತೆಯ ಸ್ನಾತಕೋತ್ತರ ಓದಿಗೆ ನೆರವು ಕೇಳುವ ನಮ್ಮ ಜಿಲ್ಲೆಯ ಮಕ್ಕಳಿಗೆ ಮೊದಲು ಹೊಳೆಯುವ ಸಾಲು ‘ನಾನು ಸಪ್ತಭಾಷಾ ಸಂಗಮ ಭೂಮಿಯವಳು’ ಎಂಬುದು. ಮಾತು ನಿಜ. ಆದರೆ ಅದರಿಂದ ಆಯ್ಕೆ ಸಮಿತಿಗೆ ಊರು ಎಂಥದು ಎಂದು ತಿಳಿಯುತ್ತದೆ, ನೀವು ಏನು ಮಾಡಿದಿರಿ ಎಂದು ತಿಳಿಯುವುದಿಲ್ಲ. ಗಡಿನಾಡಿನ ಬದುಕನ್ನು ಅರ್ಜಿಗೆ ತರಲೇಬೇಕು, ಆದರೆ ನಿಮ್ಮ ಕೆಲಸದ ಮೂಲಕ ತರಬೇಕು.

ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನವನ್ನೇ ನೋಡಿ. 1983ರಿಂದ ನಡೆದುಬಂದಿರುವ ಈ ಯೋಜನೆ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚು ಹೊರುತ್ತದೆ. ಎರಡು ವರ್ಷಗಳ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿರಬೇಕು. ನಾಯಕತ್ವ, ಸಂಪರ್ಕ ಬೆಳೆಸುವ ಶಕ್ತಿ, ಕೋರ್ಸ್ ಆಯ್ದ ಕಾರಣ, ಮುಂದಿನ ವೃತ್ತಿ: ಪ್ರಬಂಧಗಳು ಈ ನಾಲ್ಕರ ಸುತ್ತ. ಬೇರೆ ಫೆಲೋಶಿಪ್‌ಗಳೂ ಹೆಚ್ಚುಕಡಿಮೆ ಇವನ್ನೇ ಬೇರೆ ಮಾತಿನಲ್ಲಿ ಕೇಳುತ್ತವೆ.

ನಾಯಕತ್ವದ ಪ್ರಬಂಧಕ್ಕೆ ಒಂದೇ ಘಟನೆ ಸಾಕು. ಉದಾಹರಣೆಗೆ, ಕನ್ನಡ ಮಾತ್ರ ಓದಬಲ್ಲ ಮನೆಗಳಿಗೆ ಪಂಚಾಯತಿನ ನಮೂನೆ ಮಲಯಾಳದಲ್ಲಷ್ಟೇ ಸಿಗುತ್ತಿತ್ತು ಎನ್ನಿ. ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಮುಂದಿಟ್ಟು ನೀವು ಯಾರನ್ನು ಕಂಡಿರಿ, ಅವರು ಏಕೆ ಹಿಂಜರಿದರು, ನೀವು ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಪಡೆದಿರಿ, ಕೊನೆಗೆ ಎಷ್ಟು ಮನೆಗಳಿಗೆ ಕನ್ನಡ ನಮೂನೆ ತಲುಪಿತು ಎಂದು ಬರೆಯಿರಿ. ಎದುರಿನವರ ಹಿಂಜರಿಕೆಯನ್ನು ನ್ಯಾಯವಾಗಿ ವಿವರಿಸುವ ಭಾಗವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಂಧಾನ ಕಲಿಯಲು ಹೊರಟವರು ಎದುರು ಪಕ್ಷವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದು ಕಾಣುವುದು ಅಲ್ಲಿಯೇ. ‘ನಾವು’ ಎಂದು ಬರೆದಲ್ಲೆಲ್ಲ ನಿಮ್ಮ ಪಾಲಿನ ಕೆಲಸ ಯಾವುದು ಎಂದು ಬಿಡಿಸಿ ಹೇಳಿ.

ಕೋರ್ಸ್ ಮತ್ತು ವೃತ್ತಿಯ ಪ್ರಬಂಧಗಳಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಸರಕಿದೆ. ಎಣ್ಮಕಜೆಯಂಥ ಊರುಗಳ ಗೇರು ತೋಟದ ಮೇಲೆ ಸುರಿದ ಎಂಡೋಸಲ್ಫಾನ್ ಕೀಟನಾಶಕ, 2011ರ ಏಪ್ರಿಲಿನಲ್ಲಿ ಜಿನೀವಾದ ಸಭೆಯಲ್ಲಿ, ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ನಿಷೇಧವನ್ನು ವಿರೋಧಿಸುತ್ತಿದ್ದ ಭಾರತ, ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕ ಮೇಲೆ ಒಪ್ಪಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದೊಳಗೆ ತಡೆ ಹಾಕಿತು. ಊರಿನ ನೋವು ವಿದೇಶದ ಸಭೆಯ ಮೇಜಿಗೆ ತಲುಪುವ ದಾರಿ ಇದು. ಪರಿಸರ ಒಪ್ಪಂದಗಳನ್ನು ಓದಬೇಕೆನ್ನುವವರು ಇಲ್ಲಿಂದ ಶುರುಮಾಡಿ, ಆ ವಿಷಯ ಕಲಿಸುವ ಪತ್ರಿಕೆಯ ಹೆಸರನ್ನು ಕೋರ್ಸಿನ ಪಠ್ಯಪಟ್ಟಿಯಿಂದ ಹುಡುಕಿ ಬರೆಯಲಿ. ಸಂತ್ರಸ್ತರ ಸಂಕಟವನ್ನು ಕರುಣೆ ಗಿಟ್ಟಿಸಲು ಬಳಸುವುದು ಮಾತ್ರ ಸಲ್ಲದು.

ಗಲ್ಫ್‌ನಲ್ಲಿರುವವರ ಕಷ್ಟ ಇನ್ನೊಂದು ಸರಕು. ಸಂಬಳ ಸಿಗದವರ ದೂರನ್ನು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದಾಖಲಿಸಲು ನೆರವಾಗಿದ್ದರೆ ಅದು ಹೇಳಿಕೊಳ್ಳಬೇಕಾದ ಕೆಲಸ. ಅವರ ಹೆಸರು, ಪಾಸ್‌ಪೋರ್ಟ್ ವಿವರ ಮಾತ್ರ ಬರೆಯಬೇಡಿ.

‘ವಿದೇಶಾಂಗ ಸೇವೆ ಸೇರುವೆ’ ಎಂಬಷ್ಟರಿಂದ ವೃತ್ತಿಯ ಯೋಜನೆ ಆಗದು. ಐಎಫ್‌ಎಸ್‌ಗೆ ದಾರಿ ಯುಪಿಎಸ್‌ಸಿ ಪರೀಕ್ಷೆ, ಫೆಲೋಶಿಪ್ ಅಲ್ಲ. ಊರಿಗೆ ಮರಳಿದ ಮೊದಲ ವರ್ಷ ಯಾವ ಬಗೆಯ ಸಂಸ್ಥೆಯಲ್ಲಿ ಯಾವ ಹುದ್ದೆ, ಪರೀಕ್ಷೆ ಕೈಕೊಟ್ಟರೆ ಮುಂದೇನು, ಎರಡನ್ನೂ ಹೇಳಿ.

ಶಿಫಾರಸು ಪತ್ರಕ್ಕೆ ದೊಡ್ಡ ಹೆಸರಿನವರ ಬೆನ್ನು ಹತ್ತುವುದು ವ್ಯರ್ಥ. ನಿಮ್ಮ ಕೆಲಸ ಕಣ್ಣಾರೆ ಕಂಡ ಕಾಲೇಜಿನ ಅಧ್ಯಾಪಕರೇ ಆಗಬಹುದು. ಆರು ವಾರ ಮುಂಚೆ ಕೇಳಿ. ಜೊತೆಗೆ ನಿಮ್ಮ ಪ್ರಬಂಧ, ಅಂಕಪಟ್ಟಿ, ಅವರು ನೋಡಿದ ಎರಡು ಮೂರು ಕೆಲಸಗಳ ಟಿಪ್ಪಣಿ ಕೊಡಿ. ಇಲ್ಲವಾದರೆ ‘ಶ್ರದ್ಧಾವಂತ ವಿದ್ಯಾರ್ಥಿನಿ’ ಎಂಬ ಬರಿಯ ಹೊಗಳಿಕೆ ಬರುತ್ತದೆ.

ನಮ್ಮ ಕಡೆಯ ಅರ್ಜಿಗಳಿಗೆ ಹೆಸರಿನದೇ ಒಂದು ತೊಡಕು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಪದವಿ ಪತ್ರದಲ್ಲಿ ಮನೆ ಹೆಸರು ಸೇರಿ ಮೂರು ಬಗೆ. ಅರ್ಜಿಯಲ್ಲಿ ಪಾಸ್‌ಪೋರ್ಟಿನಂತೆಯೇ ತುಂಬಿ. ಎಲ್ಲವೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಡಿ. ಸಿಜಿಪಿಎಯನ್ನು ನೀವೇ ಶೇಕಡಾಕ್ಕೆ ಇಳಿಸಬೇಡಿ, ವಿಶ್ವವಿದ್ಯಾಲಯ ಕೊಟ್ಟ ರೂಪದಲ್ಲೇ ಬರೆಯಿರಿ. ಕಾಸರಗೋಡಿನಲ್ಲಿ ಪ್ಲಸ್ ಟು, ಮಂಗಳೂರಿನಲ್ಲಿ ಪದವಿ ಎಂದು ಎರಡು ರಾಜ್ಯಗಳಲ್ಲಿ ಓದಿದವರು ದಾಖಲೆ ತರಿಸಲು ಹೆಚ್ಚು ದಿನ ಇಟ್ಟುಕೊಳ್ಳಬೇಕು.

ಪ್ರಬಂಧ ಮುಗಿದ ಮೇಲೆ ಗಟ್ಟಿಯಾಗಿ ಓದಿ. ಬೇರೆ ಯಾರು ಬೇಕಾದರೂ ಬರೆಯಬಹುದಾದ ಸಾಲು ಸಿಕ್ಕರೆ ಅಳಿಸಿ. ಪದಮಿತಿ ದಾಟಿದ್ದರೆ ವಿಶೇಷಣಗಳನ್ನು ಮೊದಲು ತೆಗೆಯಿರಿ, ಅಂಕಿಗಳನ್ನು ಉಳಿಸಿ. ಗಡುವು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಕೊಟ್ಟಿದ್ದರೆ ಐದೂವರೆ ಗಂಟೆ ಕೂಡಿಸಿ: ಅಲ್ಲಿ ಮಧ್ಯಾಹ್ನ 12 ಅಂದರೆ ನಮಗೆ ಸಂಜೆ 5.30. ಮಳೆಗಾಲದ ಕರೆಂಟು, ನೆಟ್‌ವರ್ಕ್ ನಂಬಿ ಕೊನೆಯ ದಿನದವರೆಗೆ ಕಾಯದೆ ಮೂರು ದಿನ ಮೊದಲೇ ಕಳಿಸಿ, ಸ್ವೀಕೃತಿಯ ಇಮೇಲ್ ಬಂದಿದೆಯೇ ನೋಡಿ.