ಸರ್ವರ್ ಸ್ಲೋ ಆದ್ರ ಮೊದಲ ಏನ್ ನೋಡ್ಬೇಕು

ಪುಣೆ ಹಿಂಜೆವಾಡಿಯೊಳಗ ಹೊಸದಾಗಿ ಲಿನಕ್ಸ್ ಸಪೋರ್ಟ್ ಕೆಲಸಕ್ಕ ಸೇರಿದ ನಮ್ಮ ಕಡೆ ಹುಡುಗ್ರು ಸರ್ವರ್ ಸ್ಲೋ ಅಂದಕೂಡ್ಲೆ ರೀಸ್ಟಾರ್ಟ್ ಮಾಡ್ಲಿಕ್ಕೆ ಓಡ್ತಾರ, ಹಂಗ ಮಾಡಬ್ಯಾಡ್ರಿ, ಇದ್ದ ಸಾಕ್ಷಿನೂ ಹೋಗ್ತದ. ಮೊದಲ ಟರ್ಮಿನಲ್‌ದಾಗ ಟಾಪ್ ಅಂತ ಹೊಡೀರಿ. ಮ್ಯಾಲಿನ ಸಾಲಿನ್ಯಾಗ ಲೋಡ್ ಆವರೇಜ್ (ಓಡೋ, ಕಾಯೋ ಕೆಲಸಗಳ ಸರಾಸರಿ ಎಣಿಕೆ) ಅಂತ 3 ನಂಬರ್ ಇರ್ತಾವ, ಕಳೆದ 1, 5, 15 ನಿಮಿಷದ್ದು. 4 ಕೋರ್ ಮಷೀನಿನ್ಯಾಗ 4 ಇದ್ರ ಗಾಬರಿ ಬ್ಯಾಡ, 12 ಇದ್ರ ಕೆಲಸ ಕ್ಯೂ ಹಚ್ಚಿ ನಿಂತದ ಅಂತ ತಿಳೀರಿ. ಶಿಫ್ಟ್ ಹಿಡಿದು ಎಂ ಒತ್ತಿದ್ರ ಮೆಮೊರಿ ಜಾಸ್ತಿ ತಿನ್ನೋದು ಮ್ಯಾಲ ಬರ್ತದ, ಪಿ ಒತ್ತಿದ್ರ ಸಿಪಿಯು ತಿನ್ನೋದು. ಸಿಪಿಯು ಖಾಲಿ ಕುಂತದ, ಲೋಡ್ ಮಾತ್ರ ಜಾಸ್ತಿ ಅಂದ್ರ ಅಲ್ಲೇ ಸಿಪಿಯು ಸಾಲಿನ್ಯಾಗ ಡಬ್ಲ್ಯೂಎ (ವೇಟ್, ಅಂದ್ರ ಕಾಯೋ ಟೈಮ್) ನೋಡ್ರಿ, ಅದು ಜಾಸ್ತಿ ಇದ್ರ ಡಿಸ್ಕಿಗೆ ಕಾಯ್ಲಿಕತ್ತಿರಬಹುದು.

ಮೆಮೊರಿ ನೋಡ್ಲಿಕ್ಕೆ ಫ್ರೀ ಮೈನಸ್ ಎಚ್ ಅಂತ ಹೊಡೀರಿ. ಇಲ್ಲೇ ಭಾಳ ಮಂದಿ ಮೋಸ ಹೋಗ್ತಾರ: ಫ್ರೀ ಕಾಲಂದಾಗ 200 ಎಂಬಿ ಕಂಡ್ರ ಹೌಹಾರ್ತಾರ, ಆದ್ರ ಲಿನಕ್ಸ್ ಸುಮ್ನ ಬಿದ್ದಿರೋ ರ‍್ಯಾಮ್‌ನ ಫೈಲ್ ಕ್ಯಾಶ್‌ಗೆ ಬಳಸ್ಕೊಂಡಿರ್ತದ, ಯಾರರ ಕೇಳಿದ್ರ ಬಿಟ್ಟುಕೊಡ್ತದ, ಅದಕ್ಕ ಅವೈಲಬಲ್ ಕಾಲಂ ಅಷ್ಟ ನಂಬ್ರಿ. ಇನ್ನೂ ಡೌಟ್ ಇದ್ರ ವಿಎಂಸ್ಟ್ಯಾಟ್ 1 ಹಾಕಿ ಎಸ್‌ಐ, ಎಸ್‌ಒ ನೋಡ್ರಿ (ಸ್ವಾಪ್ ಇನ್, ಸ್ವಾಪ್ ಔಟ್, ಅಂದ್ರ ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗದಿಂದ ಒಳಗ ಬರೋದು, ಅಲ್ಲಿಗೆ ಹೋಗೋದು), ಮೊದಲನೇ ಸಾಲು ಬಿಡ್ರಿ, ಅದು ಬೂಟ್ ಆದಾಗಿಂದ ಸರಾಸರಿ; ಆಮ್ಯಾಲಿನ ಸಾಲಿನ್ಯಾಗೂ ಸೊನ್ನೆ ಬರದ ಒಂದೇ ಸವನೆ ನಂಬರ್ ಓಡ್ತಿದ್ರ ರ‍್ಯಾಮ್ ಖರೇನ ಸಾಲ್ವಲ್ದು.