ಓಡುತ್ತಿದ್ದ ಬೈಕ್ ನಿಂತುಹೋದರೆ: ಕಾರ್ಬೊರೇಟರ್ ಬಿಚ್ಚುವ ಮುನ್ನ ನೋಡಬೇಕಾದದ್ದು

ಮಳೆ ಹಿಡಿದುಕೊಂಡ ಮೇಲೆ ಚಿಕ್ಕಮಗಳೂರು ಸೀಮೆಯ ಹಳೆಯ ಬೈಕುಗಳಿಗೆ ಒಂದು ಕಾಯಿಲೆ ಬರುತ್ತದೆ. ಕಿಕ್ಕರ್ ಒದ್ದರೆ ಸ್ಟಾರ್ಟ್ ಆಗುತ್ತವೆ, ಐದಾರು ಕಿಲೋಮೀಟರ್ ಓಡುತ್ತವೆ, ಆಮೇಲೆ ತೋಟದ ಏರಿನಲ್ಲೋ ಗೇಟಿನ ಮುಂದೆಯೋ ನಿಂತುಬಿಡುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಹೊಗೆ ಮಾಲಿನ್ಯ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾಗಿದ್ದರೂ, ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆಗಳ ಎಸ್ಟೇಟ್ ರಸ್ತೆಗಳಲ್ಲಿ ದಿನವೂ ದುಡಿಯುವ ಕಾರ್ಬೊರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಗಾಡಿಗಳು ಇನ್ನೂ ಸಾಕಷ್ಟಿವೆ. ನಿಂತ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುವುದು ನಮ್ಮಲ್ಲಿ ರೂಢಿ. ಅದನ್ನು ದಯವಿಟ್ಟು ಮಾಡಬೇಡಿ. ಮೊದಲಿದ್ದ ಸೆಟ್ಟಿಂಗ್ ಕೈತಪ್ಪಿದರೆ ಒಂದು ದೋಷದ ಜೊತೆ ಇನ್ನೊಂದು ಸೇರಿಕೊಂಡು, ಮೂಲ ಯಾವುದೆಂದು ಮೆಕ್ಯಾನಿಕ್‌ಗೂ ತಿಳಿಯದಂತಾಗುತ್ತದೆ.

ಮೊದಲು ಗಮನಿಸಬೇಕಾದದ್ದು ಎಂಜಿನ್ ಹೇಗೆ ನಿಂತಿತು ಎಂಬುದನ್ನು. ಕೀ ತಿರುಗಿಸಿ ಆರಿಸಿದಂತೆ ಥಟ್ಟನೆ ನಿಂತರೆ ಅನುಮಾನ ಕರೆಂಟಿನ ಮೇಲೆ, ಅಂದರೆ ಪ್ಲಗ್, ಪ್ಲಗ್ ಕ್ಯಾಪ್, ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್, ವೈರಿಂಗ್‌ಗಳ ಮೇಲೆ ಹೋಗಬೇಕು. ಎಳೆತ ಕಡಿಮೆಯಾಗುತ್ತಾ, ಮುಗ್ಗರಿಸುತ್ತಾ, ಅರ್ಧ ನಿಮಿಷ ಒದ್ದಾಡಿ ನಿಂತರೆ ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲ ಎಂದೇ ತಿಳಿಯಬಹುದು.

ಎರಡನೆಯ ಬಗೆಯದಾದರೆ ಟ್ಯಾಂಕಿನಿಂದ ಕೆಳಕ್ಕೆ ಬರೋಣ. ಗಾಡಿ ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿಸಿ, ತುಸು ಹೊತ್ತಿನಲ್ಲಿ ಎಂಜಿನ್ ಮತ್ತೆ ಸರಾಗವಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ. ಪೆಟ್ರೋಲ್ ಇಳಿದಷ್ಟೂ ಗಾಳಿ ಟ್ಯಾಂಕಿನೊಳಗೆ ಸೇರಬೇಕು. ಸೇರದಿದ್ದರೆ ಹರಿವೇ ನಿಲ್ಲುತ್ತದೆ. ಮಳೆನೀರು ಇಳಿಯದಿರಲೆಂದು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಮುಚ್ಚಳ ಸರಿಯಿದ್ದರೆ ಮುಂದಿನದು ಕಾರ್ಬೊರೇಟರಿನ ತಳದ ಫ್ಲೋಟ್ ಬೌಲ್, ಅಂದರೆ ಪೆಟ್ರೋಲ್ ಬಂದು ನಿಲ್ಲುವ ಬಟ್ಟಲು. ಮಲೆನಾಡಿನಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ಅನುಭವ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಲು ಇದೂ ಒಂದು ಕಾರಣ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಹತ್ತಿರದಲ್ಲಿ ಬೀಡಿ, ಬೆಂಕಿ ಇಲ್ಲದಂತೆ ನೋಡಿಕೊಂಡು, ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ಮುಚ್ಚಿ, ಬೌಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಅಲ್ಲಿರುವುದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿಕೊಳ್ಳಿ. ಎರಡು ನಿಮಿಷ ಅಲುಗಾಡಿಸದೆ ಬಿಟ್ಟು ಬೆಳಕಿಗೆ ಹಿಡಿದರೆ, ನೀರಿದ್ದಲ್ಲಿ ತಳದಲ್ಲಿ ಗುಂಡುಮಣಿಗಳಂತೆ ಉರುಳಾಡುತ್ತದೆ ಅಥವಾ ಬೇರೆಯೇ ಪದರವಾಗಿ ಕೂರುತ್ತದೆ. ಜೊತೆಗೆ ಟ್ಯಾಂಕಿನ ತುಕ್ಕು ಕೆಂಪು ಪುಡಿಯಾಗಿ ಕಾಣುವುದೂ ಉಂಟು. ಸ್ಕ್ರೂ ಸಡಿಲವಾಗಿರುವಾಗಲೇ ಪೆಟ್ರೋಲ್ ಕಾಕ್ ತೆರೆದು ನೋಡಿ. ಧಾರೆ ಸಣ್ಣಗಾಗುತ್ತಾ ಬಂದರೆ ಕಾಕಿನ ಜಾಲರಿ, ಪೈಪು, ಫಿಲ್ಟರುಗಳಲ್ಲಿ ಕಸ ಇದೆ. ನೀರು ಕಂಡರೆ ಬೌಲ್ ತೊಳೆದರಷ್ಟೇ ಸಾಲದು, ಟ್ಯಾಂಕನ್ನೂ ಖಾಲಿ ಮಾಡಬೇಕು.

ಓಡುವಾಗ ಚೆನ್ನಾಗಿದ್ದು, ಆಕ್ಸಿಲರೇಟರ್ ಬಿಟ್ಟೊಡನೆ ನಿಲ್ಲುವ ಗಾಡಿಯದು ಬೇರೆ ಕಥೆ. ಐಡ್ಲಿಂಗ್‌ಗೆ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ನಿನ ನಿಧಾನ ಓಟಕ್ಕೆ) ಬೇಕಾದ ಪೆಟ್ರೋಲ್ ಬರುವುದು ಕಾರ್ಬೊರೇಟರಿನ ಒಳಗಿನ ಸಣ್ಣ ಹಿತ್ತಾಳೆ ನಳಿಕೆಯಾದ ಸ್ಲೋ ಜೆಟ್‌ನಿಂದ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಬಿಸಿಯಾದ ಎಂಜಿನ್ನಿಗೆ ಚೋಕ್ (ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್) ತುಸು ಎಳೆದಾಗ ನೆಟ್ಟಗೆ ಓಡಿದರೆ ಜೆಟ್ ಕಟ್ಟಿರಬೇಕು, ಇಲ್ಲವೇ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಸೀಳಿ ಹೆಚ್ಚುವರಿ ಗಾಳಿ ನುಗ್ಗುತ್ತಿರಬೇಕು. ರಬ್ಬರಿನ ಮೇಲೆ ಸೋಪಿನ ನೀರು ಹಚ್ಚಿದಾಗ ಎಂಜಿನ್ನಿನ ಸದ್ದು ಬದಲಾದರೆ ಸೀಳು ಅಲ್ಲೇ ಇದೆ. ಜೆಟ್ಟನ್ನು ಕ್ಲೀನರ್ ಮತ್ತು ಗಾಳಿಯಿಂದ ತೆರವು ಮಾಡಿ, ಆಕಾಶಕ್ಕೆ ಹಿಡಿದು ನೋಡಿ. ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಜೆಟ್ ಕೆಡುತ್ತದೆ.

ಚೋಕ್ ಎಳೆದಾಗ ಎಂಜಿನ್ ಇನ್ನಷ್ಟು ಉಸಿರುಕಟ್ಟಿದಂತಾದರೆ ಪೆಟ್ರೋಲ್ ಹೆಚ್ಚಾಗಿದೆ. ಒದ್ದೆಯಾದ ಏರ್ ಫಿಲ್ಟರ್ ಅದಕ್ಕೆ ಸಾಮಾನ್ಯ ಕಾರಣ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಒತ್ತಡ ಕಡಲ ಮಟ್ಟಕ್ಕಿಂತ ಸುಮಾರು ಶೇ 20ರಷ್ಟು ಕಡಿಮೆ ಇರುವುದರಿಂದ, ಮಂಗಳೂರಿನಲ್ಲಿ ಟ್ಯೂನ್ ಆದ ಗಾಡಿ ಅಲ್ಲಿ ಮಂಕಾಗುವುದು ಸಹಜ. ಇಳಿದೊಡನೆ ಸರಿಹೋದರೆ ಏನನ್ನೂ ಮುಟ್ಟಬೇಕಿಲ್ಲ.

ಥಟ್ಟನೆ ನಿಲ್ಲುವ ಗಾಡಿಯಲ್ಲಿ ಪ್ಲಗ್ ಕ್ಯಾಪಿನ ಒಳಗಿನ ತೇವವನ್ನು ಮೊದಲು ಒರೆಸಿ. ಕತ್ತಲಲ್ಲಿ ಎಂಜಿನ್ ಓಡಿಸಿದರೆ ಪ್ಲಗ್ ವೈರಿನ ಬಿರುಕಿನಿಂದ ನೀಲಿ ಕಿಡಿ ಸೋರುವುದು ಬರಿಗಣ್ಣಿಗೇ ಕಾಣುತ್ತದೆ. ಬಿಸಿಯಾದಾಗ ನಿಂತು, ಕಾಲು ಗಂಟೆ ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಕಾಯಿಲ್ ಅಥವಾ ಸಿಡಿಐ (ಕಿಡಿಯ ಸಮಯ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸೋಲುತ್ತಿರಬಹುದು; ವಾಲ್ವ್ ಬಿಗಿಯಾಗಿದ್ದರೂ ಹೀಗಾಗುತ್ತದೆ. ಇದನ್ನು ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲಷ್ಟೇ ಐಡ್ಲಿಂಗ್ ಸ್ಕ್ರೂಗೆ ಕೈ ಹಾಕಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ, ಎಷ್ಟು ತಿರುಗಿಸಿದಿರೆಂದು ಬರೆದಿಟ್ಟುಕೊಳ್ಳಿ. ನಂತರ ಕೈಮರದ ಏರಿನಲ್ಲಿ ಒಮ್ಮೆ ಹತ್ತಿಸಿ, ಮೇಲೆ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎರಡು ನಿಮಿಷ ಎಂಜಿನ್ನಿನ ಸದ್ದು ಕೇಳಿ.