ಪ್ರೂಫ್ ಸ್ಟ್ರೆಸ್ 455 ಬಂದಿದ್ದು ಯಾಕೆ?

ಶಿವಮೊಗ್ಗದ ಫೌಂಡ್ರಿ ಕೆಲಸದಲ್ಲಿ ದಿನಾ ಬರುವ ಎಸ್‌ಜಿ 500/7 (ಉಂಡೆ ಗ್ರಾಫೈಟ್ ಇರುವ ಎರಕದ ಕಬ್ಬಿಣ) ಬಾರ್, ವ್ಯಾಸ 14 ಮಿ.ಮೀ.; ಎಳೆದು ಮುರಿಯುವ ಯಂತ್ರದಲ್ಲಿ ಪರೀಕ್ಷಿಸಿದ್ದು. ಟೆನ್ಸೈಲ್ (ಬಾರ್ ತಾಳಿದ ಗರಿಷ್ಠ ಒತ್ತಡ) 530 ಎಂಪಿಎ ಸರಿಯಾಗಿತ್ತು, 0.2% ಪ್ರೂಫ್ ಸ್ಟ್ರೆಸ್ (ಬಾರ್ 0.2% ಶಾಶ್ವತವಾಗಿ ಹಿಗ್ಗುವ ಒತ್ತಡ) ಮಾತ್ರ 455 ತೋರಿಸಿತು. ಈ ಲೋಹಕ್ಕೆ ಅದು ಜಾಸ್ತಿಯಾಯಿತು. ಹೆಚ್ಚು ಬಂದರೆ ಯಾರೂ ಪ್ರಶ್ನಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಮೊದಲು ನೋಡಬೇಕಾದ್ದು ಸ್ಲೋಪ್, ಅಂದರೆ ಒತ್ತಡ–ಹಿಗ್ಗುವಿಕೆ ಗ್ರಾಫ್‌ನ ಆರಂಭದ ನೇರ ಗೆರೆಯ ಇಳಿಜಾರು. ಸಾಫ್ಟ್‌ವೇರ್ 38 ಜಿಪಿಎ ಎಂದಿತ್ತು; ಎಸ್‌ಜಿ ಐರನ್‌ಗೆ 170ರ ಆಸುಪಾಸು ಇರಬೇಕು. ರಿಸಲ್ಟ್ ವ್ಯಾಖ್ಯೆಯಲ್ಲಿ ಸ್ಟ್ರೇನ್ ಚಾನೆಲ್ (ಹಿಗ್ಗುವಿಕೆಯನ್ನು ಎಲ್ಲಿಂದ ಓದಬೇಕೆಂಬ ಆಯ್ಕೆ) 'ಕ್ರಾಸ್‌ಹೆಡ್' (ಯಂತ್ರದ ಚಲಿಸುವ ಅಡ್ಡತೊಲೆ) ಎಂದೇ ಉಳಿದಿತ್ತು. ಗ್ರಿಪ್ ಜಾರಿದ್ದು, ಫ್ರೇಮ್ ಬಾಗಿದ್ದು ಎಲ್ಲವೂ ಬಾರ್‌ನ ಹಿಗ್ಗುವಿಕೆಯ ಲೆಕ್ಕಕ್ಕೆ ಸೇರಿ ಗೆರೆ ಮಲಗಿತ್ತು. ಮಲಗಿದ ಆಫ್‌ಸೆಟ್ ಗೆರೆ (0.2% ಪಕ್ಕಕ್ಕೆ ಸರಿಸಿ ಅದೇ ಇಳಿಜಾರಿನಲ್ಲಿ ಎಳೆದದ್ದು) ಕರ್ವ್ ಅನ್ನು ತಡವಾಗಿ, ಮೇಲೆ ಕತ್ತರಿಸುತ್ತದೆ.

ಚಾನೆಲ್ ಅನ್ನು ಎಕ್ಸ್‌ಟೆನ್ಸೊಮೀಟರ್‌ಗೆ (ಬಾರ್‌ಗೇ ಕಚ್ಚಿಸಿ ಹಿಗ್ಗುವಿಕೆ ಅಳೆಯುವ ಸಾಧನ) ಬದಲಿಸಿ, ಅದರ ಗೇಜ್ ಲೆಂತ್ (ಅಳೆಯುವ ಉದ್ದ) 50 ಮಿ.ಮೀ. ಕೊಟ್ಟೆ. ಸ್ಲೋಪ್ ಮಿತಿ 'ಆಟೊ' ತೆಗೆದು 50ರಿಂದ 150 ಎಂಪಿಎ, ಅಂದರೆ ಈ ಬಾರ್‌ಗೆ 7.7ರಿಂದ 23.1 ಕೆಎನ್. ಎಸ್‌ಜಿಯ ಕರ್ವ್ ಬೇಗ ಬಾಗುವುದರಿಂದ ಮೇಲಿನ ಮಿತಿ ಏರಿಸಬಾರದು. ಆಫ್‌ಸೆಟ್ ಕಾಲಂ ಶೇಕಡಾದಲ್ಲಿದ್ದರೆ 0.2 ಬರೆಯಿರಿ, 0.002 ಅಲ್ಲ. ಹಳೆಯ ಡೇಟಾದಲ್ಲೇ ಮರುಲೆಕ್ಕ ಹಾಕಿದೆ, ಹೊಸ ಬಾರ್ ಮುರಿಯಬೇಕಾಗಲಿಲ್ಲ: ಸ್ಲೋಪ್ 168, ಪ್ರೂಫ್ 348.

ಮಲೆನಾಡಿನ ಮಳೆಗಾಲದಲ್ಲಿ ಬಾರ್‌ಗೆ ತುಕ್ಕು ಬೇಗ ಹತ್ತುತ್ತದೆ. ಎಮರಿಯಿಂದ ಉಜ್ಜದಿದ್ದರೆ ಎಕ್ಸ್‌ಟೆನ್ಸೊಮೀಟರ್‌ನ ಅಂಚು ಜಾರಿ ಗ್ರಾಫ್‌ನಲ್ಲಿ ಸಣ್ಣ ಮೆಟ್ಟಿಲು ಕಾಣಿಸುತ್ತದೆ. ಆ ಮೆಟ್ಟಿಲು 50–150ರ ನಡುವೆ ಬಿದ್ದರೆ ಆ ಪ್ರೂಫ್ ಬರೆದುಕೊಳ್ಳಬೇಡಿ.

ಎಲಾಂಗೇಶನ್ (ಮುರಿದ ಮೇಲೆ ಉಳಿದ ಹಿಗ್ಗುವಿಕೆ) ಅನ್ನು ತುಂಡು ಜೋಡಿಸಿ ಕೈಯಲ್ಲೇ ಅಳೆಯಿರಿ: ಬಾರ್ ಮೇಲಿನ ಗುರುತುಗಳ ನಡುವಿನ 70 ಮಿ.ಮೀ. (ವ್ಯಾಸದ ಐದು ಪಟ್ಟು) 76.3 ಆದರೆ 9%.